ಮುತ್ತಜ್ಜ ಕಟ್ಟಿದ ಮಾಳಿಗೆ

ದೊಡ್ಡವರ ವಂಶದಲ್ಲಿ ಹುಟ್ಟುವುದು ಸುಲಭ. ಹುಟ್ಟಿದ್ದೇನೆ ಎಂದು ಪಕ್ಕದ ಮನೆಯವರನ್ನು ಒಪ್ಪಿಸುವುದೇ ಕಷ್ಟ. ನಮ್ಮ ಗುಮಾಸ್ತರು ಈ ಕಷ್ಟವನ್ನು ಮೀಸೆ ಚಿಗುರಿದಾಗಿನಿಂದ ಹೊತ್ತುಕೊಂಡು ಬಂದಿದ್ದರು.

ನಗರಸಭೆಯಲ್ಲಿ ಮನೆ ಕಟ್ಟುವವರ ನಕ್ಷೆಗಳಿಗೆ ಒಪ್ಪಿಗೆ ಕೊಡುವ ಮೇಜು ಅವರದು. ಯಾರು ನಕ್ಷೆ ತಂದರೂ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, "ಕಟ್ಟೋದು ಅಂದ್ರೇನು ಅಂತ ನಮ್ಮ ರಕ್ತಕ್ಕೆ ಗೊತ್ತು ಕಣ್ರೀ. ನಮ್ಮ ಮುತ್ತಜ್ಜ ಇದ್ರಲ್ಲ..." ಎಂದು ಶುರು ಮಾಡುತ್ತಿದ್ದರು. ಅವಸರ ಇದ್ದವರು ಮುತ್ತಜ್ಜನ ಕಥೆಯನ್ನು ಅಂದೇ ಪೂರ್ತಿ ಕೇಳಿ ಮುದ್ರೆ ಒತ್ತಿಸಿಕೊಳ್ಳುತ್ತಿದ್ದರು. ಅವಸರ ಇಲ್ಲದವರು ಮಾರನೆಯ ದಿನ ಬಂದು ಕೇಳುತ್ತಿದ್ದರು. ಕೇಳದೆ ಮುದ್ರೆ ಬಿದ್ದದ್ದು ಆ ಕಚೇರಿಯಲ್ಲಿ ಯಾರಿಗೂ ನೆನಪಿಲ್ಲ.

ಕಥೆ ಇಷ್ಟು. ಮುತ್ತಜ್ಜ ಬಹಳ ದೂರದ ಒಂದು ಊರಿನಲ್ಲಿ ಹೆಸರಾಂತ ಮೇಸ್ತ್ರಿ. ಅಲ್ಲಿ ಅವರು ಊರವರಿಗಾಗಿ ಒಂದು ಸಭಾಭವನ ಕಟ್ಟಿದರು, ಅದರ ಮೇಲೊಂದು ಮಾಳಿಗೆ. ಅಂಥ ಕಟ್ಟಡ ಆ ಸೀಮೆಯಲ್ಲಿ ಹಿಂದೆ ಇರಲಿಲ್ಲ, ಆಮೇಲೆ ಯಾರೂ ಕಟ್ಟಲೂ ಇಲ್ಲ. ಉದ್ಘಾಟನೆಯ ದಿನ ಊರಿಗೆ ಊರೇ ಕತ್ತೆತ್ತಿ ಮಾಳಿಗೆಯನ್ನೇ ನೋಡುತ್ತ ನಿಂತುಬಿಟ್ಟಿತಂತೆ. ಇವತ್ತಿಗೂ ಅಲ್ಲಿಯ ಜನರ ಬಾಯಲ್ಲಿ ಮೇಸ್ತ್ರಿಯ ಹೆಸರಿದೆಯಂತೆ. "ಮತ್ತೆ ಅಷ್ಟು ಕೀರ್ತಿ ಬಿಟ್ಟು ಇಲ್ಲಿಗ್ಯಾಕೆ ಬಂದ್ರು?" ಎಂದು ಯಾರಾದರೂ ಕೇಳಿದರೆ, "ಕೀರ್ತಿ ತಡ್ಕೊಳ್ಳೋಕೆ ಆಗ್ಲಿಲ್ಲ" ಎನ್ನುತ್ತಿದ್ದರು ಗುಮಾಸ್ತರು. ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಅವರ ಗ್ರಹಚಾರ ಇದ್ದದ್ದೂ ಅಲ್ಲೇ.

ಆ ಊರಿಗೆ ಹೋಗಬೇಕೆಂಬುದು ಗುಮಾಸ್ತರ ಜೀವಮಾನದ ಕನಸು. ಕನಸಿಗೇನು, ಟಿಕೆಟ್ ತೆಗೆಯಬೇಕಾಗಿಲ್ಲ. ಅದು ಹಾಗೇ ಕನಸಾಗಿ ಉಳಿಯುತ್ತಿತ್ತೋ ಏನೋ. ಆದರೆ ಅವರ ಹೆಂಡತಿಯ ತಮ್ಮ ತನ್ನ ಪೂರ್ವಿಕರ ಊರಿಗೆ ಹೋಗಿ ಬಂದ. ಅಲ್ಲಿ ಯಾರೋ ಕೊರಳಿಗೆ ಹಾರ ಹಾಕುತ್ತಿರುವ ಫೋಟೋವನ್ನು ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ, ಅಕ್ಕನಿಗೆ ಉಡುಗೊರೆ ಕೊಟ್ಟ. ಅಕ್ಕ ಅದನ್ನು ಗುಮಾಸ್ತರ ಕುರ್ಚಿಯ ಎದುರಿಗೇ ತೂಗುಹಾಕಿದಳು. ಗುಮಾಸ್ತರು ಪೇಪರ್ ಓದುತ್ತ ತಲೆಯೆತ್ತಿದಾಗಲೆಲ್ಲ ಭಾವಮೈದುನ ಹಾರ ಹಾಕಿಸಿಕೊಳ್ಳುತ್ತಿದ್ದ.

"ಭಾವ, ನೀವೂ ಒಂದ್ಸಲ ಹೋಗಿ ಬನ್ನಿ. ಊರು ಅಂತ ಒಂದು ಇದ್ರೆ ಸಿಕ್ಕೇ ಸಿಗುತ್ತೆ" ಎಂದ ಅವನು, ಹಲ್ಲು ಕಾಣದ ಹಾಗೆ ನಗುತ್ತ.

"ರೀ, ಅವನು ಕೆಟ್ಟದ್ದಕ್ಕೆ ಹೇಳಿದ್ದಲ್ಲ" ಎಂದಳು ಹೆಂಡತಿ. ಕೆಟ್ಟದ್ದಕ್ಕಲ್ಲ ಎಂದು ಹೆಂಡತಿ ಹೇಳಿದ ಮೇಲೆ ಅದು ಯಾತಕ್ಕೆಂದು ಗುಮಾಸ್ತರಿಗೆ ಅನುಮಾನವೇ ಉಳಿಯಲಿಲ್ಲ. ಇನ್ನು ಅವರಿಗೆ ಬೇಕಾದದ್ದು ಒಂದೇ ಒಂದು: ಪೂರ್ವಿಕರ ಊರಿನಲ್ಲಿ, ಮುತ್ತಜ್ಜ ಕಟ್ಟಿದ ಭವನದ ಮುಂದೆ, ಹಾರ ಹಾಕಿಸಿಕೊಂಡ ಫೋಟೋ. ಚೌಕಟ್ಟು ಭಾವಮೈದುನನ ಚೌಕಟ್ಟಿಗಿಂತ ಒಂದು ಗೇಣು ದೊಡ್ಡದಿರಬೇಕು.

ಫೋಟೋ ತೆಗೆಯಲು ಒಬ್ಬರು ಬೇಕು, ಕಣ್ಣಾರೆ ಕಂಡೆ ಎಂದು ಸಾಕ್ಷಿ ಹೇಳಲೂ ಒಬ್ಬರು ಬೇಕು. ಎರಡೂ ಕೆಲಸಕ್ಕೆ ಬಾಲ್ಯದ ಗೆಳೆಯ ದರ್ಜಿ ಸಿಕ್ಕಿದ. ಅವನು ಮಾತು ಕಡಿಮೆ ಆಡುವವನು. ಬಾಯಲ್ಲಿ ಯಾವಾಗಲೂ ಗುಂಡುಸೂಜಿ ಕಚ್ಚಿಕೊಂಡಿದ್ದರೆ ಎಂಥವರೂ ಮಿತಭಾಷಿಗಳಾಗುತ್ತಾರೆ. ಮುತ್ತಜ್ಜನ ಕಥೆಯನ್ನು ಇಡೀ ಬೀದಿಯಲ್ಲಿ ಅತಿ ಹೆಚ್ಚು ಸಲ, ಒಂದು ಸಲವೂ ಆಕಳಿಸದೆ ಕೇಳಿದವನು ಅವನೊಬ್ಬನೇ. ಗುಮಾಸ್ತರಿಗಾಗಿ ಅವನು ಕಂದು ಬಣ್ಣದ ಒಂದು ಕೋಟು ಹೊಲಿದ. ಹಾಕಿಕೊಂಡರೆ ಗುಮಾಸ್ತರೂ ಅಧಿಕಾರಿಯ ಹಾಗೆ ಕಾಣುವಂಥ ಕೋಟು.

ಹೊರಡುವ ಮುಂಚೆ ಗುಮಾಸ್ತರು ಆ ಊರಿನ ಪುರಸಭೆಗೆ ಫೋನ್ ಮಾಡಿದರು. ಎತ್ತಿದವರು ಅಲ್ಲಿಯ ಕಾರ್ಯದರ್ಶಿ.

"ನಿಮ್ಮ ಸಭಾಭವನ ಕಟ್ಟಿದ ಮೇಸ್ತ್ರಿಗಳಿದ್ರಲ್ಲ, ನಾನು ಅವರ ಮರಿಮಗ ಮಾತಾಡ್ತಿರೋದು" ಎಂದರು ಗುಮಾಸ್ತರು, ಗಂಟಲನ್ನು ಆದಷ್ಟು ಕೆಳಗಿಳಿಸಿ.

ಆ ಕಡೆ ಫೋನಿಗೆ ಕೈ ಮುಚ್ಚಿದ ಸದ್ದು, ಕೈ ಸಂದಿಯಿಂದ "ಸಿಕ್ಕಿದ್ರು ಕಣ್ರೋ, ಸಿಕ್ಕಿದ್ರು, ಮೇಡಂನ ಕರೀರಿ" ಎಂಬ ಕೂಗು, ಕುರ್ಚಿಗಳು ಜರುಗಿದ ಗಲಾಟೆ.

"ಸುಮ್ನೆ ಬಂದು ನೋಡ್ಕೊಂಡು ಹೋಗ್ತೀನಿ. ಸ್ವಾಗತ ಗೀಗತ ಏನೂ ಬೇಡ" ಎಂದರು ಗುಮಾಸ್ತರು. ಬೇಕು ಎನ್ನುವುದನ್ನು ಅವರು ಯಾವಾಗಲೂ ಹೀಗೇ ಹೇಳುವುದು.

"ಬೇಡ ಅಂದ್ರೆ ಆಗುತ್ತಾ ಸಾರ್? ನಮ್ಮಪ್ಪ, ನಮ್ಮಜ್ಜ ಎಲ್ಲಾ ನಿಮಗೋಸ್ಕರ ಕಾದು ಕಾದು ಹೋದ್ರು. ನೀವು ಬರ್ಲೇಬೇಕು. ಬರ್ದಿದ್ರೆ ನಾವೇ ಬಂದು ಕರ್ಕೊಂಡು ಬರ್ತೀವಿ."

ಗುಮಾಸ್ತರ ಕಣ್ಣು ತುಂಬಿತು. ಫೋನ್ ಇಟ್ಟು, "ಜನರ ಪ್ರೀತಿ ನೋಡೋ" ಎಂದರು. ದರ್ಜಿ ಬಾಯಿಂದ ಗುಂಡುಸೂಜಿ ತೆಗೆದು, "ಯಾವಾಗ ಬರ್ತೀರ ಅಂತ ಮೂರು ಸಲ ಕೇಳಿದ್ರಲ್ಲ, ಪ್ರೀತಿನೇ ಇರಬೇಕು" ಎಂದ.

ಬಸ್ಸಿನಲ್ಲಿ ಗುಮಾಸ್ತರಿಗೆ ಕೋಟಿನದೇ ಚಿಂತೆ. ಚೀಲದಲ್ಲಿಟ್ಟರೆ ಸುಕ್ಕಾಗುತ್ತದೆ, ತೊಟ್ಟುಕೊಂಡರೆ ತಮಗೆ ಪ್ರಯಾಣದಲ್ಲಿ ನಿದ್ದೆ ಜಾಸ್ತಿ, ಕುತ್ತಿಗೆ ವಾಲುತ್ತದೆ, ಜೊಲ್ಲು ಬೀಳುತ್ತದೆ. ಕೊನೆಗೆ ಅವರ ಬುದ್ಧಿಗೆ ಒಂದು ಉಪಾಯ ಹೊಳೆಯಿತು. ಅವರ ಬುದ್ಧಿಗೆ ಹೊಳೆದದ್ದು ಎಂದ ಮೇಲೆ ಅದರ ಗತಿ ಹೇಳಬೇಕಾಗಿಲ್ಲ.

"ಲೋ, ನೀನು ತೊಟ್ಕೊಂಡು ನೆಟ್ಟಗೆ ಕೂತಿರು. ಊರು ಹತ್ರ ಬಂದಾಗ ಎಬ್ಬಿಸು, ನಾನು ಹಾಕ್ಕೋತೀನಿ. ಚೀಲ ಎತ್ತಬೇಡ, ತೋಳು ಸುಕ್ಕಾಗುತ್ತೆ. ಚೀಲ ಎಲ್ಲಾ ನಾನೇ ಹೊರ್ತೀನಿ."

ದರ್ಜಿ ಎಬ್ಬಿಸಲಿಲ್ಲ ಎನ್ನುವುದು ಅನ್ಯಾಯದ ಮಾತು. ಅವನು ಭುಜ ಹಿಡಿದು ಅಲ್ಲಾಡಿಸಿದ, ಕಿವಿಯಲ್ಲಿ ಕೂಗಿದ, ಮೂಗು ಹಿಡಿದ. ಗುಮಾಸ್ತರು ಎದ್ದದ್ದು ನಿಲ್ದಾಣದಲ್ಲಿ ಡೋಲು ಬಡಿದಾಗ. ಬಸ್ಸಿನ ಬಾಗಿಲ ಮುಂದೆ ಜನವೋ ಜನ. ಮುಂದೆ ಕೋಟು ತೊಟ್ಟು, ಒಂದು ಸುಕ್ಕಿಲ್ಲದೆ, ದರ್ಜಿ ಇಳಿದ. ಹಿಂದೆ ಎರಡು ಕೈಯಲ್ಲಿ ಎರಡು ಚೀಲ, ಕಂಕುಳಲ್ಲಿ ಒಂದು, ಕೆನ್ನೆಯ ಮೇಲೆ ಕಿಟಕಿಯ ಕಂಬಿಯ ಅಚ್ಚು, ಹೀಗೆ ಗುಮಾಸ್ತರು ಇಳಿದರು. ಹಾರ ಯಾರ ಕೊರಳಿಗೆ ಬಿತ್ತು ಎಂದು ಕೇಳುವುದು ದಡ್ಡತನ.

"ನಾನಲ್ಲ, ಇವನು" ಎಂದ ದರ್ಜಿ, ಹಿಂದೆ ತೋರಿಸುತ್ತ.

"ಎಂಥ ವಿನಯ ನೋಡಿ" ಎಂದರು ಪುರಸಭೆಯ ಅಧ್ಯಕ್ಷೆ. ಎತ್ತರದ, ಗಟ್ಟಿ ಗಂಟಲಿನ ಹೆಂಗಸು. ಜನ ಚಪ್ಪಾಳೆ ತಟ್ಟಿದರು.

"ನಿಜವಾಗ್ಲೂ ಮೇಡಂ, ಈ ಕೋಟು ಕೂಡ ನಂದಲ್ಲ, ಅವಂದು."

"ದೊಡ್ಡ ಮನುಷ್ಯರು ಯಾವುದನ್ನೂ ತಮ್ಮದು ಅನ್ನಲ್ಲ" ಎಂದರು ಕಾರ್ಯದರ್ಶಿ. ಚಪ್ಪಾಳೆ ಇನ್ನೂ ಜೋರಾಯಿತು.

"ನಾನೇ ಕಣ್ರೀ ಮರಿಮಗ! ನಾನೇ!" ಎಂದು ಗುಮಾಸ್ತರು ಕೂಗಿದರು. ಕಂಕುಳಿನ ಚೀಲ ಜಾರಿ ಡೋಲಿನವನ ಕಾಲ ಮೇಲೆ ಬಿತ್ತು. ಕಾರ್ಯದರ್ಶಿ ಅವರನ್ನು ಒಂದು ಕಡೆಗೆ ಎಳೆದುಕೊಂಡು, "ನೋಡಪ್ಪ, ಯಜಮಾನರಿಗೆ ಮರ್ಯಾದೆ ಆಗೋ ಹೊತ್ತಲ್ಲಿ ಹೀಗೆಲ್ಲ ಹುಡುಗಾಟ ಆಡಬಾರದು. ಚೀಲ ಹುಷಾರು" ಎಂದರು.

ಅತಿಥಿಗೃಹದಲ್ಲಿ ದರ್ಜಿಗೆ ಎರಡು ದಿಂಬಿನ ಮಂಚ ಸಿಕ್ಕಿತು, ಗುಮಾಸ್ತರಿಗೆ ಬಾಗಿಲಾಚೆಯ ಬೆಂಚು. ಬಂದವರೆಲ್ಲ ಅವರನ್ನೇ, "ಯಜಮಾನರು ಎದ್ದಿದ್ದಾರಾ? ಕಾಫಿಗೆ ಸಕ್ಕರೆ ಎಷ್ಟು ಹಾಕ್ತಾರೆ?" ಎಂದು ಕೇಳುತ್ತಿದ್ದರು. ಸ್ವಲ್ಪ ಹೊತ್ತು ತಡೆದು, ಗುಮಾಸ್ತರು ಒಳಗೆ ನುಗ್ಗಿ ಚಿಲಕ ಹಾಕಿದರು.

"ಕೋಟು ಬಿಚ್ಚು."

"ಬಿಚ್ಚೋಕೆ ನಂದೇನೂ ಅಡ್ಡಿಯಿಲ್ಲ ಕಣೋ" ಎಂದ ದರ್ಜಿ. "ಆದ್ರೆ ಎದೆ ಮೇಲೆ ಅದೇನೋ ಬಿಲ್ಲೆ ಚುಚ್ಚಿದ್ದಾರೆ. ಹಿಂದಿನ ಕೊಂಡಿ ಒಳಗಿನ ಅಂಗಿಗೂ ಸೇರ್ಕೊಂಡಿದೆ. ಎಳೆದ್ರೆ ಬಟ್ಟೆ ಹರಿಯುತ್ತೆ. ಎಂಥಾ ಬಟ್ಟೆ ಗೊತ್ತಾ ಇದು?"

ಬಟ್ಟೆ ಹರಿಯುವುದೆಂದರೆ ದರ್ಜಿಗೆ ಚರ್ಮ ಹರಿದಷ್ಟು ಸಂಕಟ. ಗುಮಾಸ್ತರು ಮಂಚದ ಅಂಚಿನಲ್ಲಿ ಕುಳಿತು, "ನೀನು ಬೇಕು ಅಂತಲೇ ಮಾಡ್ತಿದ್ದೀಯ. ನಿಂಗೆ ಮೊದಲಿಂದಲೂ ನಮ್ಮ ಮುತ್ತಜ್ಜನ ಮೇಲೆ ಕಣ್ಣು" ಎಂದರು. ದರ್ಜಿ ತನ್ನ ಕಾಫಿಯಲ್ಲಿ ಅರ್ಧ ಅವರಿಗೆ ಬಗ್ಗಿಸಿ ಕೊಟ್ಟ.

ಕಾಫಿ ಕುಡಿದು ಗುಮಾಸ್ತರು ಬೀದಿಗಿಳಿದರು. ಜನರಿಗೆ ಖುದ್ದಾಗಿ ತಿಳಿಸಿ ಹೇಳುವುದೆಂದು ತೀರ್ಮಾನ. ಸೈಕಲ್ ಅಂಗಡಿಯ ಮುಂದೆ ಗಿರಾಕಿಯೊಬ್ಬ ರೇಗುತ್ತಿದ್ದ. "ಬೆಲ್ ಹಾಕಿದ್ದೀಯ, ದೀಪ ಹಾಕಿದ್ದೀಯ, ಪೆಡಲ್ ಎಲ್ಲಯ್ಯಾ? ಒಳ್ಳೇ ಮೇಸ್ತ್ರಿ ಮಾಳಿಗೆ ಮಾಡಿಟ್ಟಿದ್ದೀಯ." ಗುಮಾಸ್ತರ ರೋಮ ನಿಮಿರಿತು. ನಾಲ್ಕು ಹೆಜ್ಜೆ ಹೋದರೆ ಒಬ್ಬಾಕೆ ಮಗಳಿಗೆ ಹೇಳುತ್ತಿದ್ದಳು, "ಅರ್ಧ ತಲೆ ಬಾಚ್ಕೊಂಡು ಹೊರಟೆಯಲ್ಲೇ, ಮೇಸ್ತ್ರಿ ವಂಶದವಳ ಹಾಗೆ." ಗುಮಾಸ್ತರು ಗೋಡೆಗೆ ಒರಗಿ ಕಣ್ಣೊರೆಸಿಕೊಂಡರು. ಜನರ ಬಾಯಲ್ಲಿ ಹೆಸರಿದೆ ಎಂದು ತಮ್ಮಪ್ಪ ಹೇಳಿದ್ದು ಎಷ್ಟು ನಿಜ. ಕುರುಡು ಅಭಿಮಾನಕ್ಕೆ ಕಿವಿಯೂ ಅಷ್ಟಕ್ಕಷ್ಟೇ.

ಅವರು ಸೈಕಲ್ ಅಂಗಡಿಗೆ ವಾಪಸ್ಸು ಬಂದು, "ನೀವು ಈಗ ಹೇಳಿದ್ರಲ್ಲ ಆ ಮೇಸ್ತ್ರಿ, ನಾನೇ ಅವರ ಮರಿಮಗ" ಎಂದರು.

ಅಂಗಡಿಯವನೂ ಗಿರಾಕಿಯೂ ಜಗಳ ಬಿಟ್ಟು ಅವರ ಮುಖ ನೋಡಿದರು. "ಯಾರಾದ್ರೂ ತಾನಾಗೇ ಬಂದು ಹಾಗೆ ಹೇಳ್ಕೋತಾರೇನ್ರೀ?" ಎಂದ ಗಿರಾಕಿ. "ಬಿಸಿಲಲ್ಲಿ ತಿರುಗಬೇಡಿ, ಹೋಗಿ ಮಲ್ಕೊಳ್ಳಿ."

ಮಧ್ಯಾಹ್ನ ಸಭಾಭವನದ ಮುಂದೆ ಸಮಾರಂಭ. ಮುತ್ತಜ್ಜನ ಕಟ್ಟಡವನ್ನು ಗುಮಾಸ್ತರು ಮೊದಲ ಸಲ ನೋಡಿದರು. ಗೋಡೆ ನೆಟ್ಟಗಿತ್ತು, ಕಮಾನು ಅಂದವಾಗಿತ್ತು, ಮಾಳಿಗೆಗೆ ಸಾಲು ಕಿಟಕಿಗಳಿದ್ದವು. ಮುಂಭಾಗಕ್ಕೆ ಬಿದಿರಿನ ಒಂದು ದೊಡ್ಡ ಏಣಿ ಒರಗಿಸಿತ್ತು. ಬಣ್ಣ ಬಳಿಯುತ್ತಿರಬೇಕು, ನನಗಾಗಿ, ಎಂದುಕೊಂಡರು. ಆಗ ಕನ್ನಡಕದ ಮುದುಕನೊಬ್ಬ ಕಂಕುಳಲ್ಲಿ ಪುಸ್ತಕ ಇಟ್ಟುಕೊಂಡು, ದೇವರನ್ನು ನೆನೆಯುತ್ತ, ಮಾಳಿಗೆಯ ಕಿಟಕಿಯಿಂದ ಏಣಿಯ ಮೇಲೆ ಇಳಿದು ಬಂದ. ಗುಮಾಸ್ತರಿಗೆ ಇದೂ ಏನೂ ಅನ್ನಿಸಲಿಲ್ಲ.

ವೇದಿಕೆಯ ಮೇಲೆ ಅಧ್ಯಕ್ಷೆ, ಕಾರ್ಯದರ್ಶಿ, ಮಧ್ಯದ ಕುರ್ಚಿಯಲ್ಲಿ ಹಾರ ಹೊತ್ತ ದರ್ಜಿ. ವೇದಿಕೆಯ ಪಕ್ಕದಲ್ಲಿ, ಚೀಲಗಳನ್ನು ಕಾಲ ಬಳಿ ಇಟ್ಟುಕೊಂಡು ನಿಂತು, ಗುಮಾಸ್ತರು ಕೊನೆಯ ಪ್ರಯತ್ನಕ್ಕೆ ಸಿದ್ಧರಾಗಿದ್ದರು: ಭಾಷಣ ಮುಗಿದ ತಕ್ಷಣ ಮೇಲೆ ಹಾರಿ ಮೈಕು ಕಸಿದುಕೊಳ್ಳುವುದು. ಅಧ್ಯಕ್ಷೆ ಗಂಟಲು ಸರಿಮಾಡಿಕೊಂಡರು.

"ಈ ಭವನದ ಕಥೆ ನಿಮಗೆ ಹೊಸದಲ್ಲ. ಅತಿಥಿಗಳಿಗೋಸ್ಕರ ಹೇಳ್ತೀನಿ. ಕಟ್ಟೋವಾಗ ಹತ್ತಿ ಇಳಿಯೋಕೆ ಅಂತ ಗೋಡೆ ಸುತ್ತ ಬಿದಿರು ಕಟ್ಟಿರ್ತಾರಲ್ಲ, ಸಾರುವೆ, ಎಲ್ಲರೂ ಅದರ ಮೇಲೇ ಓಡಾಡ್ತಿದ್ರು. ಮೇಸ್ತ್ರಿನೂ ಅದರಲ್ಲೇ, ಕೂಲಿಯವರೂ ಅದರಲ್ಲೇ, ನೋಡೋಕೆ ಬಂದ ನಮ್ಮ ಹಿರಿಯರೂ ಅದರಲ್ಲೇ. ಉದ್ಘಾಟನೆ ದಿನ ಅಂದ ಕೆಡುತ್ತೆ ಅಂತ ಸಾರುವೆ ಬಿಚ್ಚಿಸಿದ್ರು. ಮುಖ್ಯ ಅತಿಥಿಗಳು ಕೆಳಗಡೆ ಎಲ್ಲಾ ನೋಡಿ, 'ಮೇಲಕ್ಕೆ ಹೋಗೋದು ಎಲ್ಲಿಂದ?' ಅಂತ ಕೇಳಿದ್ರು. ಊರಿಗೆ ಊರೇ ಕತ್ತೆತ್ತಿ ಮಾಳಿಗೆ ನೋಡ್ತು. ಮೆಟ್ಟಿಲೇ ಇರ್ಲಿಲ್ಲ. ಮೇಸ್ತ್ರಿ ಮೆಟ್ಟಿಲು ಮರೆತಿದ್ರು."

ಜನ ನಕ್ಕರು. ಹುಟ್ಟಿದಾಗಿನಿಂದ ಕೇಳಿದ ಕಥೆಗೆ ನಗುವವರ ಸಲೀಸಾದ ನಗು ಅದು.

"ಎಲ್ಲರೂ ಮೇಲೆ ನೋಡ್ತಿರೋವಾಗ ಮೇಸ್ತ್ರಿ ಕೆಳಗಿಂದ ಹೊರಟುಹೋದ್ರು. ಅವತ್ತಿಂದ ಏಣಿ. ನಮ್ಮ ಸಭೆಗಳೆಲ್ಲ ಮೇಲೆ ನಡೆಯುತ್ತೆ. ಏಣಿ ತೆಗೆದ್ರೆ ಯಾರೂ ಸಿಟ್ಟು ಮಾಡ್ಕೊಂಡು ಎದ್ದುಹೋಗೋ ಹಾಗಿಲ್ಲ, ಅದೊಂದು ಅನುಕೂಲ. ಆದ್ರೆ ಎಷ್ಟು ಜನ ಕೈಕಾಲು ಮುರ್ಕೊಂಡ್ರು. ಎಷ್ಟು ಹೆಂಗಸರು, ವಯಸ್ಸಾದವರು, ಮೇಲಿನ ವಾಚನಾಲಯ ನೋಡ್ದೇ ಸತ್ರು. ಬೇರೆಯವರು ಕಟ್ಟಬಹುದಿತ್ತಲ್ಲ ಅಂತೀರಿ. ನಮ್ಮ ಮೇಸ್ತ್ರಿಗಳ ಕಟ್ಟಳೆ ಗೊತ್ತಲ್ಲ: ಒಬ್ಬ ಅರ್ಧಕ್ಕೆ ಬಿಟ್ಟ ಕೆಲಸಕ್ಕೆ ಇನ್ನೊಬ್ಬ ಕೈ ಹಾಕಬಾರದು. ಅವನೋ ಅವನ ರಕ್ತದವರೋ ಬಂದು ಮೊದಲ ಕಲ್ಲು ಇಟ್ಟು, ಊರಿನ ಮುಂದೆ ತಪ್ಪಾಯ್ತು ಅನ್ನಬೇಕು. ಆಮೇಲೆ ಉಳಿದದ್ದನ್ನ ಇವರು ಕಟ್ತಾರೆ. ಆ ರಕ್ತಕ್ಕೋಸ್ಕರ ನಾವು ಇಷ್ಟು ಕಾಲ ಕಾದಿದ್ದು."

ವೇದಿಕೆಯ ಕೆಳಗೆ ಒಂದು ಕಲ್ಲು, ಒಂದು ಬಾಣಲೆ ಗಾರೆ, ಒಂದು ಕರಣೆ ಇಟ್ಟಿತ್ತು. ಅವುಗಳ ಹಿಂದೆ ಊರಿನ ಮೇಸ್ತ್ರಿಗಳೆಲ್ಲ ಕೈ ಕಟ್ಟಿಕೊಂಡು ಸಾಲಾಗಿ ನಿಂತಿದ್ದರು.

ಗುಮಾಸ್ತರ ಕಾಲು ಮೈಕಿನ ದಿಕ್ಕಿನಿಂದ ತಾನಾಗೇ ಹಿಂದೆ ಸರಿಯಿತು. ಸೈಕಲ್ ಅಂಗಡಿ, ಅರ್ಧ ತಲೆಯ ಹುಡುಗಿ, ಎಲ್ಲ ಒಟ್ಟಿಗೇ ಅರ್ಥವಾಯಿತು. ಅರ್ಥವಾಗುವ ವಿಷಯದಲ್ಲಿ ಅವರು ನಿಧಾನ, ಜಾರಿಕೊಳ್ಳುವ ವಿಷಯದಲ್ಲಲ್ಲ. ಒಂದು ಹೆಮ್ಮೆ, ಅದೂ ಸಾಲದಲ್ಲಿ ತಂದದ್ದು, ಹೀಗೆ ಊರ ಮುಂದೆ ಬಟ್ಟೆ ಬಿಚ್ಚಿ ನಿಂತದ್ದನ್ನು ನೋಡಿ ಅವರಿಗೆ ನಾಚಿಕೆಗಿಂತ ಹೆಚ್ಚಾಗಿ ಭಯವಾಯಿತು. ಭಾವಮೈದುನನ ಮುಖ ಕಣ್ಣ ಮುಂದೆ ಬಂತು. ಈ ಸಲ ಅವನ ಹಲ್ಲು ಪೂರ್ತಿ ಕಾಣುತ್ತಿತ್ತು.

ದರ್ಜಿ ಎದ್ದು ನಿಂತ. ಅವನ ಮುಖ ಬೆಳ್ಳಗಾಗಿತ್ತು. "ನಾನು ಬೆಳಗ್ಗಿಂದ ಹೇಳ್ತಾನೇ ಇದ್ದೀನಿ. ನಾನು ಆ ವಂಶದವನಲ್ಲ. ನಾನು ಬಟ್ಟೆ ಹೊಲಿಯೋನು."

ಜನ ಗುಜುಗುಜು ಎಂದರು. ಯಾರೋ ಹಿಂದಿನಿಂದ, "ಈಗ ಜಾರ್ಕೊಳ್ಳೋಕೆ ನೋಡ್ತಿದ್ದಾನೆ, ಬಿಡಬೇಡಿ" ಎಂದರು. ಇನ್ನೊಬ್ಬ ತೋಳು ಮಡಚಿದ. ಅಧ್ಯಕ್ಷೆ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. "ಕಟ್ಟಳೆ ಅಂದ್ರೆ ಕಟ್ಟಳೆ. ತಪ್ಪು ರಕ್ತ ಕಲ್ಲು ಮುಟ್ಟಬಾರದು. ಬೆಳಗ್ಗೆ ಬಸ್ ಸ್ಟ್ಯಾಂಡಲ್ಲಿ ಇನ್ನೊಬ್ಬರು ನಾನೇ ನಾನೇ ಅಂತ ಕೂಗ್ತಿದ್ರಲ್ಲ, ಅವರನ್ನೂ ಕೇಳೋಣ. ಏನ್ರೀ, ನೀವೇನಾ ಮೇಸ್ತ್ರಿ ಮರಿಮಗ?"

ಸಾವಿರ ಕಣ್ಣು ಗುಮಾಸ್ತರ ಕಡೆ ತಿರುಗಿತು. ದರ್ಜಿಯೂ ನೋಡಿದ. ಮುತ್ತಜ್ಜನ ಕಥೆಯನ್ನು ಆಕಳಿಸದೆ ಕೇಳಿದ ಅದೇ ಕಣ್ಣು.

"ನಾನಾ?" ಎಂದರು ಗುಮಾಸ್ತರು. ಬಗ್ಗಿ ಒಂದು ಚೀಲ ಎತ್ತಿಕೊಂಡರು, ಸಾಲದೆಂದು ಇನ್ನೊಂದನ್ನೂ ಎತ್ತಿಕೊಂಡರು. "ನಾನ್ಯಾಕಾಗ್ತೀನಿ? ನಾನು ಇವರ ಚೀಲ ಹೊತ್ಕೊಂಡು ಬಂದವನು ಅಷ್ಟೇ. ಮೇಸ್ತ್ರಿಗೂ ನಂಗೂ ಏನೂ ಸಂಬಂಧ ಇಲ್ಲ."

ಡೋಲಿನವನ ಕೈಯಿಂದ ಕೋಲು ಜಾರಿ ಬಿತ್ತು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲ ಸಾಲಿನಲ್ಲಿ ಕೂತಿದ್ದ ಮುದುಕಿಯೊಬ್ಬಳು ಕೋಲೂರಿಕೊಂಡು ಎದ್ದಳು. ಊರಿನಲ್ಲಿ ಅವಳನ್ನು ಗಾಡಿಯಜ್ಜಿ ಎನ್ನುತ್ತಿದ್ದರು, ಅವಳ ತಾತ ಗಾಡಿ ಹೊಡೆಯುತ್ತಿದ್ದವನು. ನೇರವಾಗಿ ಗುಮಾಸ್ತರ ಬಳಿಗೆ ಬಂದು ಅವರ ಗದ್ದ ಹಿಡಿದು ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿದಳು.

"ಅಧ್ಯಕ್ಷಮ್ಮ, ಒಳ್ಳೇ ದಿನ ಅಂತ ನೀನು ಕೊನೇದು ಹೇಳ್ಲಿಲ್ಲ. ನಾನು ಹೇಳ್ತೀನಿ" ಎಂದಳು. "ಅವತ್ತು ಮೇಸ್ತ್ರಿ ಓಡಿದ್ದು ನಮ್ಮ ತಾತನ ಗಾಡೀಲಿ. ಜೊತೇಲಿ ಅವನ ಸ್ನೇಹಿತ, ಗಡಿಯಾರ ರಿಪೇರಿ ಮಾಡೋನು, ಪಾಪ, ಒಳ್ಳೇ ಅಂಗಿ ಹಾಕ್ಕೊಂಡಿದ್ದ. ಊರಾಚೆ ಜನ ಗಾಡಿ ತಡೆದ್ರು. 'ನಿಮ್ಮಲ್ಲಿ ಮೇಸ್ತ್ರಿ ಯಾರು' ಅಂದ್ರು. ಮೇಸ್ತ್ರಿ ಚೀಲ ಎತ್ಕೊಂಡು ಏನಂದ ಗೊತ್ತಾ? 'ನಾನು ಇವರ ಚೀಲ ಹೊರೋನು ಅಷ್ಟೇ' ಅಂದ. ಏಟೆಲ್ಲ ಗಡಿಯಾರದವನಿಗೆ ಬಿತ್ತು." ಅವಳು ಗುಮಾಸ್ತರ ಗದ್ದ ಬಿಟ್ಟಳು. "ಇವನೇ. ಇನ್ನು ಬೇರೆ ಸಾಕ್ಷಿ ಯಾಕೆ ಬೇಕು? ಅದೇ ಮಾತು, ಅದೇ ಚೀಲ. ಇವನು ಆ ಮೇಸ್ತ್ರಿ ವಂಶವೇ."

ಈ ಮಾತನ್ನು ಕೇಳುವುದಕ್ಕೆ ಗುಮಾಸ್ತರು ಜೀವಮಾನವೆಲ್ಲ ಕಾದಿದ್ದರು. ಕೋಟಿನ ಬಿಲ್ಲೆಯ ಕೊಂಡಿಯನ್ನು ಕಾರ್ಯದರ್ಶಿಯೇ ನಾಜೂಕಾಗಿ ಬಿಡಿಸಿದರು. ಹಾರ ಒಂದು ಕೊರಳಿನಿಂದ ಇನ್ನೊಂದಕ್ಕೆ ಬಂತು, ಸ್ವಲ್ಪ ಬಾಡಿತ್ತು. ದರ್ಜಿ ಕೋಟು ಬಿಚ್ಚಿ, ತೋಳಿನ ಸುಕ್ಕು ಒತ್ತಿ ತೆಗೆದು, ಗೆಳೆಯನಿಗೆ ತೊಡಿಸಿದ. ಗುಂಡಿಯನ್ನೂ ಅವನೇ ಹಾಕಿದ. ಆದರೆ ಮುಖ ಮಾತ್ರ ನೋಡಲಿಲ್ಲ.

ಗುಮಾಸ್ತರು ಅವಸರವಾಗಿ ಕರಣೆಗೆ ಕೈ ಚಾಚಿದರು. ಬೇಗ ಕಲ್ಲಿಟ್ಟು ಬೇಗ ಬಸ್ಸು ಹಿಡಿದರೆ ಸಾಕಾಗಿತ್ತು. ಅಜ್ಜಿ ಕೋಲನ್ನು ಅಡ್ಡ ಹಿಡಿದಳು.

"ಕಲ್ಲು ಆಮೇಲೆ ಇಡುವೆಯಂತೆ. ನಿಮ್ಮ ವಂಶದವರ ಬಾಯಿಂದ ಒಂದು ಮಾತು ಬಾಕಿ ಇದೆ. ಮೆಟ್ಟಿಲು ಮರೆತದ್ದು ದೊಡ್ಡದಲ್ಲಪ್ಪ, ಯಾರಿಗಾದ್ರೂ ಮರೆವು ಬರುತ್ತೆ. ಏಟು ತಿನ್ನೋಕೆ ಸ್ನೇಹಿತನ್ನ ಮುಂದೆ ಮಾಡಿದ್ನಲ್ಲ, ಅದಕ್ಕೆ ಹೇಳು. ಇವನ ಮುಖ ನೋಡ್ಕೊಂಡು ಹೇಳು."

ಗುಮಾಸ್ತರು ದರ್ಜಿಯ ಕಡೆ ತಿರುಗಿದರು. ಮುತ್ತಜ್ಜನ ಬಗ್ಗೆ ನಿಂತ ಕಾಲಲ್ಲಿ ಗಂಟೆಗಟ್ಟಲೆ ಮಾತಾಡುತ್ತಿದ್ದ ಬಾಯಿ ಒಣಗಿತ್ತು. ಬೆಳಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಯಾರೂ ಕೇಳದೆ ಕೂಗಿಕೊಂಡಿದ್ದ ಮಾತನ್ನು, ಊರಿಗೆ ಊರೇ ಕಿವಿಗೊಟ್ಟು ಕೂತಾಗ, ಅವರು ನೆಲ ನೋಡುತ್ತ ಉಸಿರಿನಷ್ಟೇ ಮೆಲ್ಲಗೆ ಹೇಳಿದರು.

"ನಾನೇ ಕಣೋ. ತಪ್ಪಾಯ್ತು."

ಅಧ್ಯಕ್ಷೆ ಮೈಕನ್ನು ಅವರ ಬಾಯಿಯ ಮಟ್ಟಕ್ಕೆ ಇಳಿಸಿದರು. "ಹಿಂದಿನವರಿಗೆ ಕೇಳಿಸ್ಲಿಲ್ಲ ಸಾರ್. ಇನ್ನೊಂದ್ಸಲ ಹೇಳಿ."